ಪುಟದೊಳಗೆ ನಾನು ಅಂಟಿಸಿದ ಫೋಟೊ

ಚನ್ನಗಿರಿಯ ಒಂದು ಖಾಸಗಿ ಡೇರಿಯ ಮುಖ್ಯ ಕಚೇರಿಯಲ್ಲಿ ನಿವೃತ್ತಿಯಾದ ಮೇಲೂ ನನ್ನನ್ನು ಉಳಿಸಿಕೊಂಡಿದ್ದರು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಹಾಲು ತಂಪು ಮಾಡುವ ಕೇಂದ್ರಗಳಿದ್ದವು. ನಾನು ಓದಿದ್ದು ಹೈಸ್ಕೂಲು. ನೋಟಿಸ್ ಬೋರ್ಡು ಮೊದಲಿನಿಂದಲೂ ನನ್ನದೇ. ಕರೆಂಟು ತೆಗೆಯುವ ಪ್ರಕಟಣೆ ಪೇಪರಿನಲ್ಲಿ ಬಂದರೆ ಕತ್ತರಿಸಿ ಅಂಟಿಸುತ್ತಿದ್ದೆ, ಕೇಂದ್ರಗಳಿಗೆ ಫೋನು ಮಾಡುತ್ತಿದ್ದೆ.

ಆಮೇಲೆ ಪೋರ್ಟಲ್ ಬಂತು. ಕಚೇರಿಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕಡೆ ಇಟ್ಟು ಎಲ್ಲ ಕೇಂದ್ರದವರೂ ನೋಡುವ ವ್ಯವಸ್ಥೆ. ಅದರ ಮೊದಲ ಪುಟದಲ್ಲಿ ಒಂದು ಚೌಕ ಮಾಡಿ, ವಿದ್ಯುತ್ ಕಂಪನಿಯ ವೆಬ್ ಪುಟ ಅದರೊಳಗೇ ಕಾಣುವಂತೆ ಮಾಡಿದವಳು ನ್ಯಾಮತಿ ಕೇಂದ್ರದ ಆಪರೇಟರ್ ಹುಡುಗಿ. ಸೂರಗೊಂಡನಕೊಪ್ಪದ ಕಡೆಯವಳು. ಚಿಕ್ಕ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಆ ಕೆಲಸ ಅವಳಿಗೆ ಆಗುತ್ತಿತ್ತು.

ಚೌಕ ಕೆಟ್ಟರೆ ಸರಿಮಾಡುವುದನ್ನು ನನಗೆ ಫೋನಿನಲ್ಲೇ ಕಲಿಸಿದಳು.

“ಅಜ್ಜಾರೆ, ಅದು ಗೋಡೆ ಅಲ್ಲ, ಕಿಟಕಿ. ಆ ಕಡೆ ಬದಲಾದಂಗೆ ಈ ಕಡೆನೂ ಬದಲಾಗ್ತೈತೆ. ನೀವು ಗೋಂದು ಹಿಡ್ಕಂಡು ಬರಬ್ಯಾಡ್ರಿ ಮತ್ತೆ.”

ಪಾಸ್‌ವರ್ಡ್ ನನಗೆ ಪದೇ ಪದೇ ಮರೆತುಹೋಗುತ್ತಿತ್ತು. ಕೊನೆಗೆ ತನ್ನದನ್ನೇ ಕೊಟ್ಟಳು. ಹಾಗಾಗಿ ನಾನು ಏನು ಮಾಡಿದರೂ ಪೋರ್ಟಲಿನಲ್ಲಿ ಅವಳ ಹೆಸರೇ ಬೀಳುತ್ತಿತ್ತು.

ಒಂದು ಸಂಜೆ ಪುಟದ ತಲೆಬರಹ ದೊಡ್ಡದು ಮಾಡಲು ಹೋಗಿ ಆ ಚೌಕವನ್ನೇ ಅಳಿಸಿಬಿಟ್ಟೆ. ಮತ್ತೆ ಹಾಕಿದೆ. ಬರಿಯ ಬಿಳಿ ಕಾಣಿಸಿತು. ನೆಟ್ ನಿಧಾನವಿತ್ತೋ ಏನೋ, ನಾನು ಕಾಯಲಿಲ್ಲ. ಅವಳನ್ನು ಕೇಳಿದರೆ ನಗುತ್ತಾಳೆ ಅನ್ನಿಸಿತು. ಮೊಬೈಲಿನಲ್ಲಿ ಅದೇ ಪುಟ ತೆರೆದು, ನಮ್ಮ ತಾಲ್ಲೂಕುಗಳ ಭಾಗವನ್ನಷ್ಟೇ ಫೋಟೊ ಮಾಡಿ, ಚೌಕವಿದ್ದ ಜಾಗಕ್ಕೆ ಹಾಕಿದೆ. ತಾರೀಖಿನ ಸಾಲು ಮೇಲೆ ಕತ್ತರಿಸಿ ಹೋಗಿತ್ತು. ನೋಡಲು ಮೊದಲಿನಂತೆಯೇ ಇತ್ತು. ಬೆಳಿಗ್ಗೆ ಸರಿಮಾಡೋಣ ಎಂದುಕೊಂಡವನು ಮರೆತೆ.

ಜಗಳೂರಿನವರು ಆ ಪುಟ ನೋಡಿಯೇ ಜನರೇಟರಿಗೆ ಡೀಸೆಲ್ ತರುತ್ತಿದ್ದರು. ಆ ವಾರ ಕರೆಂಟು ಹೋಗುವ ಸುದ್ದಿ ನನ್ನ ಹಳೆಯ ಫೋಟೊದಲ್ಲಿ ಇರಲಿಲ್ಲ, ಅವರು ತರಲಿಲ್ಲ. ಕರೆಂಟು ಬೆಳಿಗ್ಗೆ ಹೋದದ್ದು ಸಂಜೆಯವರೆಗೂ ಬರಲಿಲ್ಲ. ಟ್ಯಾಂಕಿನ ಹಾಲೆಲ್ಲ ಒಡೆಯಿತು.

ಮ್ಯಾನೇಜರು ಎಲ್ಲರನ್ನೂ ಚನ್ನಗಿರಿಗೆ ಕರೆಸಿದರು. ಪುಟದಲ್ಲಿ ಇರುವುದು ಫೋಟೊ, ಹಾಕಿದವರ ಹೆಸರು ಅವಳದು ಎಂದರು. ಅವಳು ತಾನು ಹಾಕಿಲ್ಲ ಎಂದಳು. ಹಾಗಾದರೆ ಯಾರು ಎಂದು ಕೇಳಿದ್ದಕ್ಕೆ ಸುಮ್ಮನಾದಳು. ಮ್ಯಾನೇಜರು ನನ್ನ ಕಡೆ ತಿರುಗಿದರು. ನಿಮಗೇನಾದರೂ ಗೊತ್ತಾ ಯಜಮಾನ್ರೇ ಎಂದು ಕೇಳಿದರು.

“ನನಗೆ ಕಂಪ್ಯೂಟರ್ ಏನ್ ತಿಳೀತೈತ್ರಿ ಸಾರ್? ಎಲ್ಲಾ ಆ ಹುಡುಗೀನೇ ಮಾಡೋದು.”

ಎಲ್ಲರೂ ಒಪ್ಪಿದರು. ನನ್ನ ವಯಸ್ಸಿನವನು ಹೀಗೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ. ಅವಳು ನನ್ನನ್ನು ನೋಡಿದಳು, ಆಮೇಲೆ ಮೇಜನ್ನು ನೋಡಿದಳು.

ಕೆಲಸದಿಂದ ತೆಗೆಯಲಿಲ್ಲ. ಜಗಳೂರಿಗೆ ವರ್ಗ ಮಾಡಿದರು. ನ್ಯಾಮತಿಯಿಂದ ಜಗಳೂರಿಗೆ ದಿನಾ ಓಡಾಡಲು ಯಾರಿಂದಲೂ ಆಗದು. ಅವಳೇ ಬಿಟ್ಟಳು. ಮರುದಿನ ನಾನು ಎಂದಿನಂತೆ ಕಚೇರಿಗೆ ಹೋದೆ, ಎಂದಿನಂತೆ ಊಟ ಮಾಡಿದೆ. ಎದೆಯಲ್ಲಿ ಏನೂ ಆಗಲಿಲ್ಲ. ಈಗಲೂ ಹೆಚ್ಚೇನೂ ಆಗುವುದಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ವರ್ಷ ಕಳೆದ ಮೇಲೆ ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅವಳನ್ನು ಕಂಡೆ. ಕೆಲಸಕ್ಕಿದ್ದಳು. ಬನ್ರಿ ಎಂದು ಸ್ಟೂಲು ಕೊಟ್ಟಳು. ಫೋಟೊ ಹಾಕಿದ್ದು ನಾನು ಎಂದೆ.

“ನನಗೆ ಅವತ್ತೇ ಗೊತ್ತಿತ್ತು ಅಜ್ಜಾರೆ. ಪಾಸ್‌ವರ್ಡ್ ಕೊಟ್ಟಿದ್ದು ನಿಮಗೊಬ್ರಿಗೇ ಅಲ್ಲೇನ್ರಿ. ನೀವೇ ಹೇಳ್ತೀರಿ ಅಂತ ಕಾಯ್ತಾ ಕುಂತಿದ್ದೆ.”

ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಪಾಸ್‌ವರ್ಡ್ ಕೊಟ್ಟಿದ್ದೂ ತಪ್ಪೇ ಅಂತಿದ್ರು. ಮತ್ತೆ ನಿಮ್ಮ ವಯಸ್ಸು ನೋಡಿ ನನ್ನ ಮಾತು ಯಾರು ನಂಬ್ತಿದ್ರು? ಈಗ ನನಗೆ ಹೇಳಿದ್ರೆ ಏನು ಬಂತು? ಅಲ್ಲಿ ಆಫೀಸಿನಾಗೆ ಹೋಗಿ ಹೇಳ್ರಿ.”

ಮರುದಿನವೇ ಮ್ಯಾನೇಜರಿಗೆ ಹೇಳಿದೆ. ಅವರು ನಕ್ಕರು. ಆ ಹುಡುಗಿಯ ಮೇಲೆ ಕನಿಕರಕ್ಕೆ ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೀರಿ, ನಿಮಗೆ ಅದೆಲ್ಲ ಎಲ್ಲಿ ಬರಬೇಕು ಎಂದರು. ನಾನು ಅವರ ಕಂಪ್ಯೂಟರಿನ ಮುಂದೆಯೇ ಕುಳಿತು, ಹೊಸ ಪುಟ ತೆರೆದು ಚೌಕ ಹಾಕಿ, ವಿಳಾಸ ಕೊಟ್ಟೆ. ಸ್ವಲ್ಪ ಹೊತ್ತು ಬಿಳಿ ಇತ್ತು, ಆಮೇಲೆ ವಿದ್ಯುತ್ ಕಂಪನಿಯ ಪುಟ ತೆರೆಯಿತು. ಸಂತೇಬೆನ್ನೂರು, ತ್ಯಾವಣಿಗೆ ಕಡೆ ಮರುದಿನ ಕರೆಂಟು ಇಲ್ಲವೆಂದಿತ್ತು.

ಮ್ಯಾನೇಜರು ಅದನ್ನೇ ನೋಡುತ್ತ ನಿಂತರು. ಆಮೇಲೆ ಕೇಳಿದರು:

“ನ್ಯಾಮತಿಗೆ ಬ್ಯಾರೆ ಹುಡುಗಿ ಬಂದು ಆರು ತಿಂಗಳಾತು. ಈಗ ಅವಳನ್ನ ಮನೆಗೆ ಕಳಿಸಲೇನ್ರಿ?”

ನನ್ನ ಜಾಗದಿಂದ ನಾನು ಹೋಗುತ್ತೇನೆ ಎಂದೆ. ಅದರಿಂದ ಯಾರಿಗೇನು ಎಂದರು. ಆದರೂ ಬಿಟ್ಟೆ.

ಹೊರಗೆ ಬಂದು ಅವಳಿಗೆ ಫೋನು ಮಾಡಿದೆ. ಹೇಳಿದೆನೆಂದೂ, ಜಾಗ ಮಾತ್ರ ಇಲ್ಲವೆಂದೂ ತಿಳಿಸಿದೆ. ಹೂಂ ಅಂದಳು. ಜಾಗ ಇರಲ್ಲ ಅಂತ ಗೊತ್ತಿತ್ತು, ತನ್ನ ಹೆಸರು ಸರಿಯಾಯಿತೋ ಇಲ್ಲವೋ ಎಂದಳು. ಆಯಿತು ಎಂದೆ. ಅಷ್ಟರಲ್ಲಿ ಅಂಗಡಿಗೆ ಯಾರೋ ಬಂದಂತಾಯಿತು. ಫೋನು ಇಡದೆಯೇ ಅವರ ಕಡೆ ತಿರುಗಿ, ಎರಡೂ ಕಡೆ ತೆಗೀಬೇಕಾ, ಒಂದೇ ಕಡೆ ಸಾಕಾ ಎಂದು ಕೇಳಿದಳು. ಮೆಷಿನ್ ಓಡುವ ಸದ್ದು ಕೇಳಿಸುತ್ತಿತ್ತು. ಅವಳು ಮತ್ತೆ ಮಾತಾಡಬಹುದೆಂದು ನಾನು ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.