ದೊಡ್ಡವ್ವನಿಗೆ ಹೇಳಿದ ಕುಸ್ತಿ

ಮಂಗಳವಾರ ಮತ್ತು ಶನಿವಾರ ನನ್ನ ಅಂಗಡಿಯ ಬಾಗಿಲು ತೆಗೆಯುವುದು ತಡ. ಮೂರ್ನಾಡಿನಲ್ಲಿ ಗಿರಾಕಿಗಳಿಗೆಲ್ಲ ಇದು ಗೊತ್ತು. ಕಳೆ ಕೊಚ್ಚುವ ಮಷೀನು, ಔಷಧಿ ಹೊಡೆಯುವ ಪಂಪು ರಿಪೇರಿಗೆ ತಂದವರು ಪಕ್ಕದ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕಾಯುತ್ತಾರೆ. ಇವತ್ತಿನ ಕುಸ್ತಿ ಮುಗಿದಿಲ್ಲ ಕಾಣ್ತದೆ ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ. ಅಮೆರಿಕದವರು ಸಂಜೆ ಊಟ ಮುಗಿಸಿ ನೋಡುವ ಕುಸ್ತಿ ನಮಗೆ ಇಲ್ಲಿ ಬೆಳಗಿನ ಚಾದ ಹೊತ್ತಿಗೆ ಟಿ.ವಿ.ಯಲ್ಲಿ ನೇರ ಬರುತ್ತದೆ. ನಾನು ಅದನ್ನು ನೋಡುವುದು ನಾಪೋಕ್ಲು ಕಡೆ ಇರುವ ದೊಡ್ಡವ್ವನ ಮನೆಯಲ್ಲಿ. ದೊಡ್ಡವ್ವ ಅಂದರೆ ನನ್ನ ದೊಡ್ಡಪ್ಪನ ಹೆಂಡತಿ. ಎಪ್ಪತ್ತೆಂಟು ವರ್ಷ. ಕಣ್ಣಿನ ನರ ಒಣಗಿ ಎರಡು ವರ್ಷದಿಂದ ಅವರಿಗೆ ಏನೂ ಕಾಣುವುದಿಲ್ಲ. ಹಾಗಾಗಿ ನಾನು ನೋಡುತ್ತೇನೆ, ನೋಡಿದ್ದನ್ನು ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಹೇಳುತ್ತೇನೆ, ಅವರು ಕೇಳುತ್ತಾರೆ.

ಈ ಹುಚ್ಚು ಅವರಿಗೆ ಹಿಡಿದದ್ದು ನಮ್ಮಿಂದಲೇ. ಮನೆಗೆ ಡಿಶ್ ಬಂದ ಹೊಸತರಲ್ಲಿ ನಾವು ಅಣ್ಣತಮ್ಮಂದಿರೆಲ್ಲ ಕುಸ್ತಿಗೆ ಅಂಟಿಕೊಂಡು ಕೂರುತ್ತಿದ್ದೆವು. ಒಂದು ದಿನ ದೊಡ್ಡವ್ವ ಸೌಟು ಹಿಡಿದುಕೊಂಡೇ ಟಿ.ವಿ. ಆರಿಸಲು ಬಂದರು. ಬೈಯಲು ಬಾಯಿ ತೆಗೆದವರು, ಒಬ್ಬ ದೈತ್ಯ ಇನ್ನೊಬ್ಬನನ್ನು ತಲೆಯ ಮೇಲೆತ್ತಿದ್ದು ಕಂಡು ಅಲ್ಲೇ ನಿಂತರು. ಅಂವ ಬೀಳುವವರೆಗೆ ನಿಂತೇ ಇದ್ದರು. ಒಲೆಯ ಮೇಲಿನ ಸಾರು ತಳ ಹಿಡಿದ ವಾಸನೆ ಬಂದ ಮೇಲೇ ಒಳಗೆ ಓಡಿದ್ದು. ಮುಂದಿನ ವಾರ ಸಾರನ್ನು ಮೊದಲೇ ಇಳಿಸಿಟ್ಟು ಬಂದರು.

ಅದೆಲ್ಲ ಮೊದಲೇ ಬರೆದಿಟ್ಟದ್ದು, ಬರೀ ನಾಟಕ ಅಂತ ಹೇಳುವವರು ಅವತ್ತೂ ಇದ್ದರು, ಇವತ್ತೂ ನನ್ನ ಅಂಗಡಿಗೆ ಬರುತ್ತಾರೆ. ದೊಡ್ಡವ್ವನಿಗೆ ಇದು ನಮಗಿಂತ ಮೊದಲೇ ಗೊತ್ತಿತ್ತು. "ಬರ್ದಿಟ್ಟರೂ ಬೀಳುದು ಅಂವನೇ ತಾನೆ?" ಅಂತ ಒಮ್ಮೆ ಕೇಳಿದ್ದರು. ನನಗೂ ಅಷ್ಟೇ ಸಾಕು. ಹತ್ತಡಿ ಏಣಿಯ ಮೇಲಿಂದ ಬೆನ್ನು ಕೆಳಗೆ ಮಾಡಿ ಬೀಳಬೇಕು ಅಂತ ಯಾರೋ ಬರೆದುಕೊಟ್ಟರೆ, ಆ ಏಣಿ ಹತ್ತುವ ಧೈರ್ಯವನ್ನು ಅವರು ಬರೆದುಕೊಡಲು ಆಗುವುದಿಲ್ಲ.

ಈಚಿನ ವರ್ಷಗಳ ಕುಸ್ತಿಯ ಬಗ್ಗೆ ನನ್ನ ಅಭಿಪ್ರಾಯ ಒಟ್ಟಿನಲ್ಲಿ ಒಳ್ಳೆಯದೇ. ಮೊದಲು ಹೆಂಗಸರ ಪಂದ್ಯ ಅಂದರೆ ಎದ್ದು ಹೋಗಿ ನೀರು ಕುಡಿದು ಬರುವಷ್ಟು ಹೊತ್ತು. ಈಗ ಕೊನೆಯ ದೊಡ್ಡ ಪಂದ್ಯವನ್ನೇ ಅವರಿಗೆ ಕೊಡುತ್ತಾರೆ, ಕೊಡಲೇಬೇಕು. ಕಳೆದ ಮಳೆಗಾಲದಲ್ಲಿ ಇಬ್ಬರು ಹೆಣ್ಣುಮಕ್ಕಳು ಅರ್ಧ ಗಂಟೆ ಬಡಿದಾಡಿದ್ದನ್ನು ಹೇಳಿ ಮುಗಿಸುವಾಗ ನನ್ನ ಗಂಟಲೇ ಒಣಗಿತ್ತು. ತುಟಿ ಒಡೆದು ರಕ್ತ ಬಂದರೂ ನಕ್ಕುಕೊಂಡು ಎದ್ದಳಲ್ಲ ಆ ಹುಡುಗಿ, ಅವಳ ಸಮಕ್ಕೆ ಯಾವ ಗಂಡಸೂ ಇಲ್ಲ ಈಗ. ದೂರು ಹೇಳಬೇಕಾದರೆ ಎರಡೇ. ಮೈಕ್ ಹಿಡಿದು ಮಾತಾಡುವುದು ಅತಿಯಾಯಿತು. ಹೊಡೆಯುತ್ತೇನೆ ಹೊಡೆಯುತ್ತೇನೆ ಅಂತ ಕಾಲು ಗಂಟೆ ಹೇಳಿ, ಹೊಡೆಯದೆ ಹೋಗುತ್ತಾರೆ. ಇನ್ನೊಂದು, ಕುಸ್ತಿಯ ನೆಲದ ತುಂಬ ಜಾಹೀರಾತು ಅಂಟಿಸಿಟ್ಟಿದ್ದಾರೆ. ಬಿದ್ದವನ ಮುಖ ನೋಡಲು ಹೋದರೆ ಮೊದಲು ಕಾಣುವುದು ಜ್ಯೂಸಿನ ಬಾಟಲಿ.

ಕಣ್ಣು ಹೋದ ಮೇಲೆ ದೊಡ್ಡವ್ವನ ರುಚಿ ಬದಲಾಯಿತು. ಮೊದಲು ಹಗ್ಗದ ಮೇಲಿಂದ ಹಾರುವ ಮುಖವಾಡದ ಸಣ್ಣ ಆಳುಗಳೆಂದರೆ ಪ್ರಾಣ. ಈಗ ಅವರು ಬೇಡ. ಹಾರಿದ ಅಂತ ನಾನು ಹೇಳುವಷ್ಟರಲ್ಲಿ ಅಂವ ಬಿದ್ದು, ಎದ್ದು, ಮತ್ತೆ ಹಾರಿರುತ್ತಾನೆ. ಎದೆಗೆ ಅಂಗೈ ಬೀಸಿ ಹೊಡೆಯುವ ಭಾರದ ಆಳುಗಳು ಈಗ ಅವರಿಗೆ ಇಷ್ಟ. ಆ ಏಟಿನ ಸದ್ದು ಕೇಳಿದರೆ ತಮ್ಮ ಎದೆಯನ್ನೇ ಉಜ್ಜಿಕೊಳ್ಳುತ್ತಾರೆ, ಮುಖದಲ್ಲಿ ನಗು ಮಾತ್ರ ಹಾಗೇ ಇರುತ್ತದೆ.

ಹೇಳುವ ಕೆಲಸ ನನಗೆ ಹೊಸದಲ್ಲ. ಬೇಸಿಗೆಯಲ್ಲಿ ನಮ್ಮ ಗೌಡ ಕುಟುಂಬಗಳು ಒಂದೊಂದು ಮನೆತನಕ್ಕೆ ಒಂದೊಂದು ತಂಡ ಕಟ್ಟಿ ಕ್ರಿಕೆಟ್ ಆಡುವಾಗ ಮೈಕ್ ಹಿಡಿಯುವವನು ನಾನು. ಆ ಮೈಕಿಗೊಂದು ಮರ್ಯಾದೆ ಉಂಟು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡುವ ಜಾಗ ಅದು, ಶಾಮಿಯಾನದ ಕೆಳಗೆ ಇಡೀ ಕುಟುಂಬ ಕೂತಿರುತ್ತದೆ. ಅರವತ್ತು ದಾಟಿದವರೊಬ್ಬರು ಮೊದಲ ಚೆಂಡಿಗೇ ಬೌಲ್ಡ್ ಆದರೆ ಸೊನ್ನೆಗೆ ಔಟ್ ಅಂತ ಹೇಳುವ ಹಾಗಿಲ್ಲ. ಹಿರಿಯರು ಕಿರಿಯರಿಗೆ ಅವಕಾಶ ಮಾಡಿಕೊಟ್ಟು ಮರಳುತ್ತಿದ್ದಾರೆ, ಜೋರಾದ ಚಪ್ಪಾಳೆ ಬರಲಿ ಅನ್ನಬೇಕು. ನನಗೆ ಮೈಕ್ ಕಲಿಸಿದ ಹಿರಿಯರು ಮೊದಲು ಹೇಳಿಕೊಟ್ಟ ಪಾಠವೇ ಇದು. ಇಪ್ಪತ್ತು ವರ್ಷ ಹೀಗೆ ಹೇಳಿ ಹೇಳಿ, ಹಿರಿಯರು ಔಟಾದರೆ ನನ್ನ ನಾಲಗೆ ತನ್ನಷ್ಟಕ್ಕೆ ಬೇರೆ ದಾರಿ ಹಿಡಿಯುತ್ತದೆ. ಎಡವಟ್ಟಾದದ್ದು ಅಲ್ಲೇ.

ದೊಡ್ಡವ್ವನಿಗೊಬ್ಬ ಮೆಚ್ಚಿನ ಕುಸ್ತಿಪಟು. ಎರಡು ದಶಕದಿಂದ ನೋಡಿಕೊಂಡು ಬಂದವನು. ಅವನನ್ನು ಅವರು ಹೆಸರು ಹಿಡಿದು ಕರೆದವರೇ ಅಲ್ಲ. "ನಮ್ಮಂವ" ಅಂದರೆ ಮುಗಿಯಿತು. ಕಾಫಿ ಕೊಯ್ಲಿನ ನಡುವೆ ಒಂದು ಭಾನುವಾರ ಬೆಳಿಗ್ಗೆ, ವಿಶೇಷ ಪ್ರಸಾರದಲ್ಲಿ, ಅವನ ಕೊನೆಯ ಪಂದ್ಯ ಇತ್ತು. ಎದುರಿಗೆ ಒಬ್ಬ ಹೊಸಬ, ಎತ್ತರದ ಆಳು, ಎದೆ ಕಿತ್ತುಬರುವಂತೆ ಹೊಡೆಯುವವನು. ಅವತ್ತು ದೊಡ್ಡವ್ವ ಬೇಗ ಸ್ನಾನ ಮುಗಿಸಿ, ಅಕ್ಕಿ ರೊಟ್ಟಿ ಅರ್ಧ ತಿಂದು ಪಕ್ಕಕ್ಕಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಾನು ಹೇಳಿದೆ. ಚೆನ್ನಾಗಿಯೇ ಹೇಳಿದೆ ಅಂತ ನನ್ನ ನಂಬಿಕೆ. ಕೊನೆಗೆ ಹೊಸಬ ನಮ್ಮಂವನನ್ನು ಎತ್ತಿ ಕುಕ್ಕಿ ಮೇಲೆ ಬಿದ್ದ. ರೆಫರಿ ನೆಲಕ್ಕೆ ಮೂರು ಸಲ ಬಡಿದ; ಅಷ್ಟರೊಳಗೆ ಭುಜ ಎತ್ತದಿದ್ದರೆ ಸೋಲು. ಗಂಟೆ ಹೊಡೆಯಿತು.

ದೊಡ್ಡವ್ವ ನನ್ನ ಕಡೆಗೆ ಮುಖ ತಿರುಗಿಸಿದರು. ಆ ಮುಖ ನೋಡಿಕೊಂಡು ನನ್ನ ಬಾಯಿಂದ ಬಂದದ್ದು ಇಷ್ಟು: "ಗೆದ್ದ, ದೊಡ್ಡವ್ವಾ. ನಮ್ಮಂವ ಗೆದ್ದ."

ನಾನು ಒಂದು ಸಂಗತಿ ಮರೆತಿದ್ದೆ. ಕುಸ್ತಿಯಲ್ಲಿ ಪ್ರತಿಯೊಬ್ಬನಿಗೂ ಅವನದೇ ಆದ ಸಂಗೀತ ಇರುತ್ತದೆ, ಪಂದ್ಯ ಮುಗಿದ ಕೂಡಲೇ ಗೆದ್ದವನದ್ದನ್ನು ಹಾಕುತ್ತಾರೆ. ಎರಡು ವರ್ಷದಿಂದ ದೊಡ್ಡವ್ವ ಆಳುಗಳನ್ನು ಗುರುತಿಸುತ್ತಿದ್ದದ್ದೇ ಅದರಿಂದ. ಸಾವಿರಾರು ಜನ ಕೂತಿದ್ದ ಆ ಜಾಗ ಒಂದು ಕ್ಷಣ ಸದ್ದಿಲ್ಲದೆ ಹೋಯಿತು. ಆಮೇಲೆ ಹೊಸಬನ ಡೋಲು ಶುರುವಾಯಿತು.

"ಅದ್ ಯಾರ ಮ್ಯೂಸಿಕ್?" ಅಂತ ದೊಡ್ಡವ್ವ ಕೇಳಿದರು.

ನಾನು ಸದ್ದು ತಗ್ಗಿಸಲು ರಿಮೋಟಿಗೆ ಕೈ ಹಾಕಿದೆ.

"ಕಣ್ಣ್ ಹೋದು. ಕೆಮಿ ಉಟ್ಟು ನಂಗೆ," ಅಂದರು. ಕಿವಿ ಇನ್ನೂ ಇದೆ ಅಂತ. ಬೈಗುಳದ ದನಿ ಕೂಡ ಇರಲಿಲ್ಲ. ಎದ್ದು, ಗೋಡೆ ಹಿಡಿದು, ಕೋಣೆಗೆ ಹೋದರು. ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು, "ಎರಡ್ ವರ್ಷ ನೀ ಹೇಳಿದ್ದೆಲ್ಲ ಹಿಂಗೆಯಾ?"

ಅಲ್ಲ ಅಂತ ಹೇಳಿದೆ. ಆದರೆ ಆಗ ನಾನು ಅಲ್ಲ ಅಂದರೆ ಎಷ್ಟು ಬೆಲೆ? ತುಟಿ ಒಡೆದ ಹುಡುಗಿ ನಿಜಕ್ಕೂ ಎದ್ದಿದ್ದಳೋ, ನಾನೇ ಎಬ್ಬಿಸಿ ನಿಲ್ಲಿಸಿದ್ದೋ ಅಂತ ಅವರು ತಿಳಿಯುವುದು ಹೇಗೆ? ಕಾಣದವರಿಗೆ ಇರುವುದು ಬೇರೆಯವರು ಹೇಳಿದ ಲೋಕ ಒಂದೇ. ಆ ಎರಡು ವರ್ಷವನ್ನು ನಾನು ಒಂದೇ ಮಾತಿನಲ್ಲಿ ಅವರಿಂದ ಕಿತ್ತುಕೊಂಡ ಹಾಗಾಗಿತ್ತು.

ಮಂಗಳವಾರ ಎಂದಿನಂತೆ ಹೋದೆ. ನನ್ನ ಜಾಗದಲ್ಲಿ ಅತ್ತಿಗೆಯನ್ನು, ಅಂದರೆ ತಮ್ಮ ಸೊಸೆಯನ್ನು ಕೂರಿಸಿಕೊಂಡಿದ್ದರು. ನನಗೆ ಚಾ ಕೊಟ್ಟರು, ಮಾತು ಕೊಡಲಿಲ್ಲ. ಅತ್ತಿಗೆಗೆ ಕುಸ್ತಿಯ ಗಂಧ ಇಲ್ಲ, ಮೇಲಾಗಿ ಒಲೆಯ ಮೇಲೆ ದೋಸೆ ಕಾವಲಿ. ಓಡಿ ಬಂದು ನೋಡಿ, ಒಬ್ಬ ಬಿದ್ದ ಅನ್ನುತ್ತಾ ಮತ್ತೆ ಒಳಗೆ ಹೋಗುತ್ತಿದ್ದರು.

"ಯಾರ್ ಬಿದ್ದದ್?"

"ಚಡ್ಡಿ ಹಾಕಿದಂವ."

"ಎಲ್ಲವೂ ಚಡ್ಡಿಯವೇ ಅಲ್ಲನಾ?"

"ಕಪ್ಪು ಚಡ್ಡಿ, ಅತ್ತೆ. ಇಬ್ಬರದ್ದೂ ಕಪ್ಪೇ," ಅಂತ ಒಳಗಿಂದ ಉತ್ತರ ಬಂತು. ನನಗೆ ನಗು ತಡೆಯಲಾಗಲಿಲ್ಲ. ದೊಡ್ಡವ್ವ ನಗಲಿಲ್ಲ. ಅವಳಿಗೆ ಹೇಳಲು ಬರುವುದಿಲ್ಲ, ಆದರೆ ಬಿದ್ದವನನ್ನು ಬಿದ್ದ ಅಂತಾಳೆ ಎಂದು ಟಿ.ವಿ. ಕಡೆಗೇ ಮುಖ ಇಟ್ಟುಕೊಂಡು ಹೇಳಿದರು. ಆ ಶನಿವಾರವೂ ಹಾಗೇ ಆದಾಗ ಚಾ ಕುಡಿದು ಎದ್ದು ಬಂದೆ. ನಾನು ಅಂಗಡಿಗೆ ಹೊತ್ತಿಗೆ ಸರಿಯಾಗಿ ಹೋದದ್ದು ಕಂಡು ಗಿರಾಕಿಗಳು ಮೈಗೆ ಹುಷಾರಿಲ್ಲವಾ ಅಂತ ವಿಚಾರಿಸಿದರು.

ಅದರ ಮುಂದಿನ ಮಂಗಳವಾರ ಪ್ರಸಾರ ಶುರುವಾಗುವ ಒಂದು ಗಂಟೆ ಮೊದಲೇ ಹೋದೆ. ತಪ್ಪಾಯ್ತು ಅಂತ ಹೇಳಿದೆ. ಮೈಕಿನ ಅಭ್ಯಾಸ, ಹಿರಿಯರನ್ನು ಸೋಲಿಸಲು ಬಾಯಿ ಬರಲಿಲ್ಲ ಅಂತ ಇದ್ದದ್ದನ್ನೂ ಹೇಳಿದೆ. ದೊಡ್ಡವ್ವ ಸೆರಗಿನ ಅಂಚು ಮಡಿಸಿದರು, ಬಿಡಿಸಿದರು. ಕೊನೆಗೆ, "ಆ ಭಾನುವಾರದ್ ಹೇಳ್. ಸುರುವಿಂದ," ಅಂದರು.

ಫೋನಿನಲ್ಲಿ ಆ ಪಂದ್ಯ ಹಾಕಿಕೊಂಡು ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ. ನಮ್ಮಂವನ ನೆತ್ತಿ ಬೋಳಾಗಿದೆ, ಎರಡು ಮೊಣಕಾಲಿಗೂ ಪಟ್ಟಿ ಕಟ್ಟಿದ್ದಾನೆ, ಮೊದಲು ಒಂದೇ ಜಿಗಿತಕ್ಕೆ ಹತ್ತುತ್ತಿದ್ದ ಹಗ್ಗದ ಮೂಲೆಯನ್ನು ಈಗ ಮೂರು ಹೆಜ್ಜೆ ಇಟ್ಟು ಹತ್ತುತ್ತಾನೆ ಅಂದೆ. ಬೋಳಾದ್ದು ಯಾವಾಗ ಅಂತ ಕೇಳಿದರು. ನಾಲ್ಕೈದು ವರ್ಷ ಆಯಿತು, ಕಣ್ಣಿದ್ದಾಗ ನೀವೇ ಗಮನಿಸಿಲ್ಲ ಅಂದೆ. ಮೊದಲ ಸಲ ಸ್ವಲ್ಪ ನಕ್ಕರು.

ಹಾಗೆ ಹೇಳುತ್ತಾ ಹೋದಂತೆ, ಅವತ್ತು ನಾನೇ ನೋಡದೆ ಬಿಟ್ಟದ್ದು ಕಣ್ಣಿಗೆ ಬಿತ್ತು. ಹೊಸಬ ಹೊಡೆದ ಪ್ರತಿ ಏಟಿಗೂ ನಮ್ಮಂವ ಇಡೀ ಮೈ ಕೊಟ್ಟು ಬೀಳುತ್ತಿದ್ದ. ಏಟಿಗಿಂತ ಬಿದ್ದ ರೀತಿಯೇ ದೊಡ್ಡದಿತ್ತು. ಎರಡರ ಎಣಿಕೆಗೆ ಮೂರು ಸಲ ಭುಜ ಎತ್ತಿದ. ಪ್ರತಿ ಸಲ ಜನ ಎದ್ದು ನಿಂತರು. ನಾಲ್ಕನೆಯ ಸಲ ಎತ್ತಲು ಹೊರಟ ಭುಜ ನೆಲದಿಂದ ಒಂದು ಬೆರಳಿನಷ್ಟು ಮೇಲೆ ಬಂದು ಅಲ್ಲೇ ನಿಂತು, ಮತ್ತೆ ಇಳಿಯಿತು. "ಮೂರು. ಸೋತ, ದೊಡ್ಡವ್ವಾ," ಅಂದೆ.

"ಮತ್ತೆ? ಹೊಸಬ ಅಂವನ್ನ ಕೈ ಹಿಡ್ದ್ ಎತ್ತಿದನಾ?"

"ಇಲ್ಲ. ತಿರುಗಿ ನೋಡದೆ ಹೋದ."

"ಒಳ್ಳೇದ್ ಮಾಡ್ದ," ಅಂದರು. ಆಮೇಲೆ ನಿಧಾನಕ್ಕೆ, ನನಗೊಬ್ಬನಿಗೇ ಅಲ್ಲ ಅನ್ನುವ ಹಾಗೆ, "ನಮ್ಮಂವ ಬಿದ್ದ್ ತೋರ್ಸಿ ಆ ಹೊಸಬನ್ನ ದೊಡ್ಡಂವ ಮಾಡಿಟ್ಟ. ಅದ್ ಅವನ ಕೊನೇ ಕೆಲಸ. ನೀ ಗೆದ್ದ ಅಂತ ಹೇಳಿ ಅದ್ನೇ ಹಾಳ್ ಮಾಡ್ದೆ."

ಇಪ್ಪತ್ತು ವರ್ಷಕ್ಕೂ ಮೇಲೆ ಕುಸ್ತಿ ನೋಡಿದ ನನಗೆ ಇದು ಹೊಳೆದಿರಲಿಲ್ಲ. ನಾನು ಅವನ ಮರ್ಯಾದೆ ಉಳಿಸಲು ಹೋಗಿ, ಅವನು ಅಷ್ಟು ಕಷ್ಟಪಟ್ಟು ಮಾಡಿದ್ದನ್ನೇ ಅಳಿಸಿಹಾಕಿದ್ದೆ.

ಅಷ್ಟರಲ್ಲಿ ಟಿ.ವಿ.ಯಲ್ಲಿ ಆ ದಿನದ ಪ್ರಸಾರ ಶುರುವಾಯಿತು. ಅತ್ತಿಗೆ ಸೌಟು ಹಿಡಿದೇ ಅಡುಗೆಮನೆಯಿಂದ ಇಣುಕಿದರು. ನೀ ದೋಸೆ ನೋಡ್ಕ ಅಂತ ದೊಡ್ಡವ್ವ ಕೈಬೀಸಿದರು. ಅತ್ತಿಗೆಗೆ ಜೀವ ಬಂದಂತಾಯಿತು. ಮೊದಲಿಗೇ ಬಂದವನು ಆ ಹೊಸಬ. ನಮ್ಮಂವನನ್ನು ಸೋಲಿಸಿದ್ದಕ್ಕೆ ಜನ ಅವನನ್ನು ಕೂಗಿ ಬೈಯುತ್ತಿದ್ದರು.

"ಮುಖ ಹೇಂಗುಟ್ಟು?" ಅಂತ ದೊಡ್ಡವ್ವ ಕೇಳಿದರು.

ಗತ್ತಿನಿಂದ ಬರುತ್ತಿದ್ದಾನೆ ಅನ್ನಲು ಹೊರಟಿದ್ದೆ. ಬಾಯಿ ಮುಚ್ಚಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಸರಿಯಾಗಿ ನೋಡಿದೆ. ಗಲ್ಲದ ಹತ್ತಿರ ಹೊಲಿಗೆ ಹಾಕಿತ್ತು. ಹಗ್ಗ ದಾಟುವಾಗ ಎಡಗೈಯನ್ನು ಮೈಗೆ ಒತ್ತಿಕೊಂಡಿದ್ದ. ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ.

"ಹೆದರಿದ ಹಾಗೆ ಕಾಣ್ತದೆ, ದೊಡ್ಡವ್ವಾ," ಅಂದೆ.

"ಹೆದ್ರದೆ ಮತ್ತೆ," ಅಂದು ಅವರು ಕಾಲು ಮಡಿಸಿ ಕೂತರು. "ಹೇಳ್."