ಡ್ರಿಲ್ ಮೇಷ್ಟ್ರ ಅಣಬೆ ಪುಡಿ

ನ್ಯಾಮತಿಯ ಡ್ರಿಲ್ ಮೇಷ್ಟ್ರು ಸೀಟಿಯನ್ನು ಬಾಯಿಂದ ತೆಗೆಯದೆ ಮಾತಾಡುತ್ತಿದ್ದರು. ದಿನಾ ಮರದ ಅಣಬೆಯ ಪುಡಿಯನ್ನು ಹಾಲಲ್ಲಿ ಕುಡಿದು, "ನಾಡಿ ನೋಡ್ರಿ ತಾಯಿ, ಹದಿನಾರರ ಹುಡುಗನದ್ದು" ಎಂದು ಕೈ ಚಾಚುತ್ತಿದ್ದರು. ನಾನು ದೂರದಿಂದಲೇ ಒಪ್ಪಿಕೊಳ್ಳುತ್ತಿದ್ದೆ.

ಅವರ ಓಟದ ತಂಡದಲ್ಲಿದ್ದ ನನ್ನ ಮಗಳಿಗೆ ಅರ್ಧ ಓಟಕ್ಕೇ ಏದುಸಿರು. ಹೊನ್ನಾಳಿಯ ಪಂದ್ಯದಲ್ಲಿ ಹಿಂದೆ ಬಿದ್ದರೆ ತಂಡದಿಂದ ಹೊರಗೆ. ಮೇಷ್ಟ್ರು ವಾರಕ್ಕಾಗುವಷ್ಟು ಪುಡಿ ಕೊಟ್ಟು, "ದಿನಾ ಕುಡಿಸ್ರಿ, ಉಸಿರು ಉಳಿತೈತೆ" ಎಂದರು. ಲಿಂಗಪೂಜೆಯ ಮನೆಯಲ್ಲಿ ಅಣಬೆ ಹೆಂಗೆ? ಶಿವನ ಮೇಲೆ ಭಾರ ಹಾಕಿ, ಪುಡಿಯನ್ನು ಎಮ್ಮೆಯ ಬೂಸಾದಲ್ಲಿ ಕಲಸಿದೆ. ಮಗಳಿಗೆ ರಾಗಿ ಅಂಬಲಿ ಕುಡಿಸಿದೆ.

ಮಗಳು ಎರಡನೆಯವಳಾಗಿ ಬಂದಳು. ನಮಗೆ ಅಷ್ಟು ಸಾಕಿತ್ತು.

"ನೋಡಿದ್ರಾ ತಾಯಿ, ಅಣಬೆ!" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು. ಸೀಟಿ ಬಾಯಿಂದ ಜಾರಿತ್ತು. ನಾನು ಕೈಮುಗಿದೆ.

ವಾರವಿಡೀ ಪುಡಿ ತಿಂದ ಎಮ್ಮೆ ಆ ಸಂಜೆಯೂ ಎಲ್ಲ ದನಗಳ ಹಿಂದೆ, ಏದುಸಿರು ಬಿಡುತ್ತ ಮನೆಗೆ ಬಂತು.