ಲೇಬಲ್ಲಕ್ಕನ ತೋಳಿನ ಪಟ್ಟಿ

ನಮ್ಮ ಪಾರ್ಸೆಲ್ ಗೋದಾಮಿನಲ್ಲಿ ವಿಳಾಸದ ಚೀಟಿ ಅಂಟಿಸುವ ಲೇಬಲ್ಲಕ್ಕನ ಕಣ್ಣು ತಪ್ಪಿಸಿ ಒಂದೇ ಒಂದು ಸೊಟ್ಟ ಚೀಟಿ ಹೊರಗೆ ಹೋದದ್ದಿಲ್ಲ. ಅವಳ ಪಕ್ಕದ ಮೇಜಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುವವಳು ನಾನು. ಒಂಬತ್ತು ವರ್ಷದಿಂದ ಅವಳ ಬೈಗುಳ ತಿಂದುಕೊಂಡೇ ಬಂದಿದ್ದೇನೆ. "ಒರೆಸ್ದೆ ಅಂಟಿಸಿದ್ರೆ ನಿಲ್ಲತ್ತೇನೇ? ಒರೆಸು ಮೊದ್ಲು!" ಎನ್ನುವುದು ಅವಳ ದಿನದ ಮೊದಲ ಮಾತು. ಏನನ್ನೇ ಅಂಟಿಸಲಿ, ಅದರ ಮೇಲೆ ದಪ್ಪ ಪೆನ್ನಿನಲ್ಲಿ ವಾರದ ಹೆಸರು ಬರೆದು, ಪಕ್ಕದಲ್ಲಿ ಉದ್ದ ಬಾಲದ ಸರಿ ಗುರುತು ಎಳೆಯದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ. ಮನೆಯ ಹಿಟ್ಟಿನ ಡಬ್ಬಿ, ಮಕ್ಕಳ ಪುಸ್ತಕ, ಅತ್ತೆಯ ಕೆಮ್ಮಿನ ಔಷಧಿ, ಎಲ್ಲದರ ಮೇಲೂ ಆ ಬಾಲವಿದೆ.

ಇಂಥವಳು ಮೇಲ್ವಿಚಾರಕಿ ಆಗಿ ಎಷ್ಟೋ ವರ್ಷ ಆಗಬೇಕಿತ್ತು. ಎರಡು ಸಲ ಆ ಕುರ್ಚಿಯ ಮಾತು ಬಂತು, ಎರಡು ಸಲವೂ ಅವಳು ಬಸುರಿ. ರಜೆ ಮುಗಿಸಿ ಬರುವಷ್ಟರಲ್ಲಿ ಇನ್ಯಾರೋ ಕೂತಿರುತ್ತಿದ್ದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡನೆಯ ಬಸಿರಂತೂ ದಿನಾ ನುಂಗುವ ಗುಳಿಗೆ ಮರೆತದ್ದರ ಫಲ. ಆ ಫಲಕ್ಕೀಗ ನಾಲ್ಕು ವರ್ಷ, ಬಾಯಿ ಥೇಟ್ ತಾಯಿಯದೇ. ಈ ಸಲ ಮುಂದಿನ ತಿಂಗಳಿಂದ ಕುರ್ಚಿ ಅವಳದು ಎಂದು ನಿಕ್ಕಿಯಾಗಿತ್ತು. ಇನ್ನೊಂದು ಬಸಿರಾದರೆ ಅದೂ ಕೈತಪ್ಪಿದಂತೆಯೇ.

ಅದಕ್ಕೇ ಆಸ್ಪತ್ರೆಯ ನರ್ಸಮ್ಮ ಗುಳಿಗೆ ಬಿಡಿಸಿ ಅಂಟುಪಟ್ಟಿ ಕೊಟ್ಟಿದ್ದಳು. ಬೆಂಕಿಪೊಟ್ಟಣದಷ್ಟು ಅಗಲ. ಅದರ ಔಷಧಿ ಚರ್ಮದೊಳಗಿಂದ ಮೈಗೆ ಇಳಿದು ಬಸಿರು ತಡೆಯುತ್ತದೆ. ವಾರಕ್ಕೊಂದರಂತೆ ಮೂರು ವಾರ, ನಾಲ್ಕನೆಯ ವಾರ ಖಾಲಿ.

"ಹಚ್ಚೋ ಜಾಗದಲ್ಲಿ ಎಣ್ಣೆ, ಪೌಡರ್ ಇರಬಾರ್ದು. ಬಿದ್ದುಹೋದ್ರೆ ಇಪ್ಪತ್ನಾಲ್ಕು ಗಂಟೆಯೊಳಗೆ ಹೊಸದು ಹಚ್ಕೊಳ್ಳಿ, ಚಿಂತೆಯಿಲ್ಲ. ಅದು ದಾಟಿದ್ರೆ, ಇಲ್ಲಾ ಯಾವಾಗ ಬಿತ್ತು ಅಂತ ಗೊತ್ತಾಗದೇ ಹೋದ್ರೆ, ಅದರ ಮೇಲೆ ಭರವಸೆ ಇಡಬೇಡಿ. ನನ್ನ ಹತ್ರ ಬನ್ನಿ" ಎಂದಿದ್ದಳು.

ಲೇಬಲ್ಲಕ್ಕ ನಕ್ಕುಬಿಟ್ಟಳಂತೆ. "ಅಂಟಿಸೋದನ್ನ ನನಗೆ ಹೇಳ್ಕೊಡ್ತೀರಾ ಸಿಸ್ಟರ್?"

ಆ ಜಂಬವೇ ಅವಳಿಗೆ ಮುಳುವಾಯಿತು. ಒಂದು ಗುರುವಾರ ಮಕ್ಕಳನ್ನು ಶಾಲೆಗೆ ಹೊರಡಿಸುವ ಗಡಿಬಿಡಿ. ಮೈಗೆಲ್ಲ ಪೌಡರ್ ಬಳಿದುಕೊಂಡ ಮೇಲೆ ಪಟ್ಟಿ ನೆನಪಾಯಿತು. ಹಾಗೇ ತೋಳಿಗೆ ಒತ್ತಿ, 'ಗುರುವಾರ' ಎಂದು ಬರೆದು, ಬಾಲ ಎಳೆದು ಓಡಿಬಂದಳು. ಸೋಮವಾರ ಇಡೀ ದಿನ ಪೆಟ್ಟಿಗೆಗಳನ್ನು ತಬ್ಬಿ ತಬ್ಬಿ ಎತ್ತಿದಳು. ಮಂಗಳವಾರ ಬೆಳಿಗ್ಗೆ ಕಾಗೆ ಸ್ನಾನ. ತೋಳು ನೋಡಿಕೊಳ್ಳಲು ಪುರುಸೊತ್ತೆಲ್ಲಿ?

ಅಂದು ಹತ್ತು ಗಂಟೆಗೆ ನಮ್ಮ ಕೆಮ್ಮು ಸಾಹೇಬರು ಎಲ್ಲರನ್ನೂ ಸೇರಿಸಿದರು. ಪ್ರತಿ ಮಾತಿಗೂ ಮೊದಲು ಕೆಮ್ಮುವ ಅಧಿಕಾರಿ ಅವರು. ಕೈಯಲ್ಲೊಂದು ಪೆಟ್ಟಿಗೆ. ಗುರುತು ಸಿಗದ ಚೀಟಿ ಕಂಡರೆ ಪೆಟ್ಟಿಗೆ ಕದಲಬಾರದು ಎಂಬುದು ನಮ್ಮ ಕಾನೂನು. ನಿನ್ನೆಯಿಂದ ಅದು ವಿಂಗಡಣೆಯ ಮೇಜಿನಲ್ಲೇ ಕೂತಿತ್ತು.

"ಇದ್ಯಾವ ಲೇಬಲ್? ನಮ್ಮಲ್ಲಿ ಇಂಥದ್ದು ಇಲ್ವೇ ಇಲ್ಲ" ಎಂದು ಪೆಟ್ಟಿಗೆಯ ಬದಿ ತೋರಿಸಿದರು. 'ಗುರುವಾರ'. ಪಕ್ಕದಲ್ಲಿ ಆ ಬಾಲ. ನಲವತ್ತು ಕತ್ತುಗಳು ಲೇಬಲ್ಲಕ್ಕನ ಕಡೆ ತಿರುಗಿದವು.

ಅವಳ ಕೈ ತೋಳಿಗೆ ಹೋಯಿತು. ಅಲ್ಲಿ ಪಟ್ಟಿ ಇರಲಿಲ್ಲ. "ಯಾವಾಗ ಬಿತ್ತೋ ಗೊತ್ತಿಲ್ವಲ್ಲೇ" ಎಂದು ನನ್ನ ಕಿವಿಯಲ್ಲಿ ಉಸುರಿದಳು.

"ಸುಮ್ನಿರು ಮಾರಾಯ್ತಿ. ಬಾಲ ಯಾರು ಬೇಕಾದ್ರೂ ಎಳೀಬಹುದು" ಎಂದೆ. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಪೆಟ್ಟಿಗೆ ಎತ್ತಿ ಕಳಿಸಿದ ಗಳಿಗೆಯೇ ಪಟ್ಟಿ ಕಿತ್ತುಬಂದ ಗಳಿಗೆ. ಯಾವ ಪೆಟ್ಟಿಗೆ ಯಾರ ಮೇಜಿನಿಂದ ಎಷ್ಟು ಗಂಟೆಗೆ ಹೋಯಿತೆಂಬುದು ಸಾಹೇಬರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಂದು ಸರ್. ಬಸಿರಾಗ್ದೇ ಇರ್ಲಿ ಅಂತ ತೋಳಿಗೆ ಅಂಟಿಸ್ಕೊಳ್ಳೋ ಪಟ್ಟಿ. ಈ ಪೆಟ್ಟಿಗೆ ನನ್ನ ಮೇಜು ಬಿಟ್ಟಿದ್ದು ಎಷ್ಟು ಗಂಟೆಗೆ, ಸ್ವಲ್ಪ ನೋಡಿ ಹೇಳಿ."

ಸಾಹೇಬರ ಕೆಮ್ಮು ನಿಂತೇಹೋಯಿತು. ಪೆಟ್ಟಿಗೆಯನ್ನು ಕೈ ಸುಟ್ಟವರ ಹಾಗೆ ಕೆಳಗಿಟ್ಟು, ಕಂಪ್ಯೂಟರಿನೊಳಗೆ ಮುಖ ಹುದುಗಿಸಿದರು. "ನಿನ್ನೆ... ಹತ್ತು ನಲವತ್ತು."

ಗೋಡೆ ಗಡಿಯಾರದಲ್ಲಿ ಹತ್ತೂಕಾಲು. "ಇನ್ನೂ ಇಪ್ಪತ್ತೈದು ನಿಮಿಷ ಇದೆ!" ಎಂದು ಲೇಬಲ್ಲಕ್ಕ ಚೀಲ ಹಿಡಿದು ಬಚ್ಚಲಿಗೆ ಓಡಿದಳು. ಹಿಂದೆಯೇ ನಾನು. ಅವಸರದಲ್ಲಿ ಹೊಸ ಪಟ್ಟಿಯನ್ನು ಬೆವೆತ ತೋಳಿಗೆ ಒತ್ತಲು ಹೋದವಳ ಕೈ ಹಿಡಿದೆ.

"ಒರೆಸ್ದೆ ಅಂಟಿಸಿದ್ರೆ ನಿಲ್ಲತ್ತೇನೇ? ಒರೆಸು ಮೊದ್ಲು!"

ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ನನ್ನ ಮಾತು ಕೇಳಿ, ತೋಳು ಒರೆಸಿಕೊಂಡು ಹೊಸ ಪಟ್ಟಿ ಒತ್ತಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಏಳು ಹೆಂಗಸರು ಆಸ್ಪತ್ರೆಯ ವಿಳಾಸ ಕೇಳಿಕೊಂಡು ಬಂದರು. ಏಳೂ ಜನಕ್ಕೆ ಲೇಬಲಿನ ಮೇಲೆಯೇ ಬರೆದುಕೊಟ್ಟಳು. ಸಂಜೆ ಕೆಮ್ಮು ಸಾಹೇಬರು ಸುತ್ತಮುತ್ತ ನೋಡಿ, ಮೂರು ಸಲ ಕೆಮ್ಮಿ, "ನನಗೂ ಒಂದು ಬರ್ಕೊಡಿ. ಮನೆಯವಳಿಗೆ" ಎಂದರು.

ಖಾಲಿ ವಾರದಲ್ಲಿ ಮುಟ್ಟು ಸರಿಯಾಗಿ ಬಂತು. ಅದರ ಹಿಂದೆಯೇ ಕುರ್ಚಿಯೂ ಬಂತು. ಲೇಬಲ್ಲಕ್ಕ ಕೂರುವ ಮೊದಲು ಕುರ್ಚಿಯ ಬೆನ್ನಿಗೊಂದು ಚೀಟಿ ಅಂಟಿಸಿ, 'ಸೋಮವಾರ' ಎಂದು ಬರೆದು ಬಾಲ ಎಳೆದಳು. ಅದಕ್ಕೂ ಮೊದಲು ಎರಡು ಸಲ ಒರೆಸಿದ್ದನ್ನು ನಾನು ಕಣ್ಣಾರೆ ಕಂಡೆ.